ಪಾಠಕ್ಕೆ ಉಳಿಯುವ ಹೊತ್ತು

ಬೆಳಿಗ್ಗೆ ಹತ್ತೂವರೆ. ಪ್ರಾರ್ಥನೆ ಮುಗಿದಿದೆ, ಮಕ್ಕಳು ಹಾಲು ಕುಡಿದು ಲೋಟ ತೊಳೆದಿಟ್ಟು ಆಗತಾನೇ ತರಗತಿಯಲ್ಲಿ ಕೂತಿದ್ದಾರೆ. ಮುಖ್ಯ ಶಿಕ್ಷಕರು ನಾಲ್ಕನೆಯ ತರಗತಿಗೆ ಭಿನ್ನರಾಶಿ ಹೇಳಿಕೊಡಲು ಬೋರ್ಡಿನ ಮೇಲೆ ಒಂದು ರೊಟ್ಟಿ ಬರೆದು, ಅದನ್ನು ನಾಲ್ಕು ಪಾಲು ಮಾಡುತ್ತಿದ್ದಾರೆ. ಅಷ್ಟರಲ್ಲಿ ಜೇಬಿನೊಳಗಿನ ಮೊಬೈಲು ಕಿಣಿ ಅನ್ನುತ್ತದೆ. ಸುತ್ತಲಿನ ಶಾಲೆಗಳು ಸೇರಿದ ಕ್ಲಸ್ಟರಿನ ವಾಟ್ಸಾಪ್ ಗುಂಪಿನಲ್ಲಿ ಸಂದೇಶ: "ಅತಿ ತುರ್ತು. ಈ ಕೆಳಗಿನ ನಮೂನೆಯಲ್ಲಿ ಮಾಹಿತಿಯನ್ನು ಇಂದೇ ಮಧ್ಯಾಹ್ನ 12 ಗಂಟೆಯೊಳಗೆ ಸಲ್ಲಿಸುವುದು. ಮಾಹಿತಿ ಶೂನ್ಯವಾಗಿದ್ದಲ್ಲಿ ಶೂನ್ಯವೆಂದೇ ನಮೂದಿಸಿ ಕಡ್ಡಾಯವಾಗಿ ಸಲ್ಲಿಸತಕ್ಕದ್ದು." ರೊಟ್ಟಿ ಬೋರ್ಡಿನ ಮೇಲೆಯೇ ಉಳಿಯುತ್ತದೆ. ಮುಖ್ಯ ಶಿಕ್ಷಕರು ದಾಖಲಾತಿ ವಹಿ ತೆಗೆಯುತ್ತಾರೆ, ಪಕ್ಕದ ಕೋಣೆಯ ಶಿಕ್ಷಕಿಯನ್ನು ಕರೆದು ಕೇಳುತ್ತಾರೆ, ಹೋದ ವರ್ಷ ಕಳಿಸಿದ್ದ ನಮೂನೆಯನ್ನು ಬೀರುವಿನಲ್ಲಿ ಹುಡುಕುತ್ತಾರೆ. ಕೊನೆಗೆ ಕಳಿಸುವುದು ಶೂನ್ಯ ವರದಿಯನ್ನೇ. ಆ ಒಂದು ಸೊನ್ನೆಗೆ ಎರಡು ತರಗತಿಗಳ ಒಂದೊಂದು ಪೀರಿಯಡ್ಡು ಖರ್ಚಾಗಿರುತ್ತದೆ.

ಶಿಕ್ಷಕರ ವೃತ್ತಿತೃಪ್ತಿ, ಶಾಲೆಯ ಕೆಲಸದ ವಾತಾವರಣ, ಅವನ್ನು ಸುಧಾರಿಸುವ ಬಗೆ: ಇದು ಇವತ್ತು ನನಗೆ ಕೊಟ್ಟಿರುವ ವಿಷಯ. ಈ ವಿಷಯ ಎತ್ತಿದ ಕೂಡಲೇ ಕೆಲವರ ಹುಬ್ಬು ಮೇಲೇರುವುದು ನನಗೆ ಗೊತ್ತು. "ಸರ್ಕಾರಿ ಸಂಬಳ, ದಸರಾ ರಜೆ, ಬೇಸಿಗೆ ರಜೆ, ಇನ್ನೇನು ಅತೃಪ್ತಿ ನಿಮಗೆ?" ಎಂದು ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ನನ್ನನ್ನೇ ಕೇಳಿದ್ದುಂಟು. ಅನ್ಯಾಯದ ಪ್ರಶ್ನೆಯಲ್ಲ. ಹೊಲದಲ್ಲಿ, ಕಾರ್ಖಾನೆಯಲ್ಲಿ, ಮಳಿಗೆಯಲ್ಲಿ ನಿಂತು ದುಡಿಯುವವರಿಗೆ ಹಾಗೆ ಕೇಳುವ ಹಕ್ಕಿದೆ. ಆದರೆ ಅದಕ್ಕೆ ಉತ್ತರವೂ ಇದೆ. ಹೇಳುವುದಕ್ಕೆ ಸ್ವಲ್ಪ ಹೊತ್ತು ಬೇಕು, ಅಷ್ಟೆ.

ಮೊದಲು ಸಂಬಳದ ಮಾತು ಮುಗಿಸಿಬಿಡೋಣ. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ ಏಳನೆಯ ವೇತನ ಆಯೋಗದ ಶಿಫಾರಸು ಜಾರಿಗೆ ಬಂತು. ಸಂಬಳ ಏರಿತು, ಸ್ಟಾಫ್ ರೂಮಿನಲ್ಲಿ ಸಿಹಿ ಹಂಚಿದರು. ಮುಂದಿನ ತಿಂಗಳ ಹೊತ್ತಿಗೆ ಅದೇ ಸ್ಟಾಫ್ ರೂಮಿನಲ್ಲಿ ಅದೇ ಗೊಣಗಾಟ. ಇದು ಕೃತಘ್ನತೆಯಲ್ಲ. ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞ 1959ರಲ್ಲಿ ಇದರ ಗುಟ್ಟನ್ನು ಬಿಡಿಸಿಟ್ಟರು. ಪಿಟ್ಸ್‌ಬರ್ಗ್ ಸುತ್ತಮುತ್ತಲಿನ ಸುಮಾರು ಇನ್ನೂರು ಎಂಜಿನಿಯರುಗಳನ್ನೂ ಲೆಕ್ಕಿಗರನ್ನೂ ಕೂರಿಸಿಕೊಂಡು, "ಕೆಲಸದಲ್ಲಿ ನಿಮಗೆ ತುಂಬ ಖುಷಿಯಾದದ್ದು ಯಾವಾಗ, ತುಂಬ ಬೇಸರವಾದದ್ದು ಯಾವಾಗ" ಎಂದು ಅವರ ತಂಡ ಕೇಳಿತು. ಬೇಸರದ ಕಾರಣಗಳೇ ಬೇರೆ, ಖುಷಿಯ ಕಾರಣಗಳೇ ಬೇರೆ ಎಂದು ಗೊತ್ತಾಯಿತು. ಸಂಬಳ, ನಿಯಮ, ಮೇಲಧಿಕಾರಿಯ ಕಿರಿಕಿರಿ ಇವೆಲ್ಲ ಬೇಸರದ ಕಡೆಗೆ. ಮಾಡಿದ ಕೆಲಸ ಫಲ ಕೊಟ್ಟದ್ದು, ಅದನ್ನು ಯಾರೋ ಗುರುತಿಸಿದ್ದು, ಕೆಲಸವೇ ಸೊಗಸಾಗಿದ್ದದ್ದು ಖುಷಿಯ ಕಡೆಗೆ. ಹೊಟ್ಟೆನೋವು ವಾಸಿಯಾದ ಮಾತ್ರಕ್ಕೆ ಹಸಿವು ಹಿಂಗುವುದಿಲ್ಲ, ಅದಕ್ಕೆ ಊಟವೇ ಆಗಬೇಕು. ಥಾಮಸ್ ಸರ್ಜಿಯೊವಾನಿ ಎಂಬವರು 1967ರಲ್ಲಿ ಇದೇ ಪ್ರಶ್ನೆಯನ್ನು ಶಿಕ್ಷಕರ ಮುಂದೆ ಇಟ್ಟು ನೋಡಿದರು. ಅಲ್ಲಿಯೂ ಬಹುಮಟ್ಟಿಗೆ ಇದೇ ಕಥೆ.

ನಮ್ಮ ಶಾಲೆಗಳ ಮಟ್ಟಿಗೆ ಇದನ್ನು ಇನ್ನೂ ಸರಳವಾಗಿ ಹೇಳಬಹುದು. ಶಿಕ್ಷಕಿಗೆ ಖುಷಿ ಕೊಡುವುದು ಒಂದು ಮಗು. ಜೂನ್‌ನಲ್ಲಿ ಅಕ್ಷರ ಕೂಡಿಸಲು ತಿಣುಕುತ್ತಿದ್ದದ್ದು ನವೆಂಬರಿನಲ್ಲಿ ಅಂಗಡಿಯ ಬೋರ್ಡು ಓದಿಕೊಂಡು ಬಂದು, "ಮಿಸ್, ಅದರಲ್ಲಿ ತಪ್ಪಿದೆ" ಅನ್ನುತ್ತದೆ ನೋಡಿ, ಆ ಮಗು. ಆ ಖುಷಿಗೆ ಬೇಕಾದದ್ದು ಯಾರೂ ಅಡ್ಡ ಬಾರದ ಪಾಠದ ಹೊತ್ತು. ಅದನ್ನು ಉಳಿಸಿಕೊಡುವ ಶಾಲೆಯಲ್ಲಿ ಮಳೆಗಾಲಕ್ಕೆ ಮಾಡು ಸೋರಿದರೂ ಶಿಕ್ಷಕರು ನಗುತ್ತಿರುತ್ತಾರೆ. ಉಳಿಸಿಕೊಡದ ಶಾಲೆಯಲ್ಲಿ ಹೊಸ ಕಟ್ಟಡ, ಸ್ಮಾರ್ಟ್ ಬೋರ್ಡು ಎಲ್ಲ ಇದ್ದೂ ವರ್ಗಾವಣೆಯ ಅರ್ಜಿ ಯಾವಾಗ ಕರೆಯುತ್ತಾರೆ ಎಂಬುದೇ ಮಾತು. ಸೆಪ್ಟೆಂಬರ್ 5ರ ಶಿಕ್ಷಕರ ದಿನದ ಹಾರ, ಶಾಲು, ಫಲತಾಂಬೂಲಗಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆ ಸಮಾರಂಭಕ್ಕೆ ಹೋಗಿಬರುವುದರಲ್ಲೂ ಒಂದು ದಿನದ ಪಾಠ ಹೋಗುತ್ತದೆ ಎಂಬುದು ಲೆಕ್ಕದಲ್ಲಿರಲಿ.

ಪಾಠದ ಹೊತ್ತನ್ನು ಕಾಯಲು ಕಾನೂನಿಗೆ ಮನಸ್ಸಿಲ್ಲವೇ? ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೆಯ ಸೆಕ್ಷನ್ ಶಿಕ್ಷಕರನ್ನು ಶೈಕ್ಷಣಿಕವಲ್ಲದ ಕೆಲಸಕ್ಕೆ ಹಚ್ಚಬಾರದು ಅನ್ನುತ್ತದೆ. ಬಿಟ್ಟದ್ದು ಮೂರನ್ನೇ: ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ. ಒಂದರಿಂದ ಐದರವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟರವರೆಗೆ 220 ದಿನ ಶಾಲೆ ನಡೆಯಬೇಕು. ತಯಾರಿಯ ಹೊತ್ತೂ ಸೇರಿ ಶಿಕ್ಷಕರು ವಾರಕ್ಕೆ 45 ಗಂಟೆ ಕೆಲಸ ಮಾಡಬೇಕು ಎಂದೂ ಅದೇ ಕಾಯ್ದೆ ಹೇಳಿದೆ. ಆ ತಯಾರಿಯ ಹೊತ್ತು ಎಲ್ಲಿ ಹೋಯಿತು ಎಂದು ಯಾವ ಪರಿಶೀಲನೆಯಲ್ಲೂ ಯಾರೂ ಕೇಳಿದ್ದನ್ನು ನಾನು ಕಾಣೆ. ಮತದಾರರ ಪಟ್ಟಿಯ ಕೆಲಸದ ಬಗ್ಗೆ ಸುಪ್ರೀಂ ಕೋರ್ಟು 2007ರಲ್ಲೇ ಹೇಳಿತ್ತು: ಅದನ್ನು ಶಿಕ್ಷಕರಿಂದ ಮಾಡಿಸುವುದಾದರೆ ರಜಾದಿನಗಳಲ್ಲಿ, ಪಾಠವಿಲ್ಲದ ದಿನ, ಪಾಠವಿಲ್ಲದ ವೇಳೆಯಲ್ಲಿ ಮಾಡಿಸಿ ಎಂದು. ಇವತ್ತು ಊರೂರಿನ ಬೂತ್ ಮಟ್ಟದ ಅಧಿಕಾರಿ ಯಾರೆಂದು ವಿಚಾರಿಸಿ ನೋಡಿ. ಹೆಚ್ಚಿನ ಕಡೆ ಒಂದೋ ಅಂಗನವಾಡಿ ಕಾರ್ಯಕರ್ತೆ, ಇಲ್ಲವೇ ನಿಮ್ಮ ಮಕ್ಕಳ ಮೇಷ್ಟ್ರು.

2025ರ ಸೆಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆಯಿತು. ಗಣತಿದಾರರಲ್ಲಿ ಬಹುಪಾಲು ಶಾಲಾ ಶಿಕ್ಷಕರೇ. ದಸರಾ ರಜೆಯಲ್ಲಿ ಮನೆಮನೆ ತಿರುಗಿದರು. ಕೆಲಸ ಮುಗಿಯಲಿಲ್ಲವೆಂದು ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರವರೆಗೆ ಮುಂದುವರಿಸಬೇಕಾಯಿತು. ಸಮೀಕ್ಷೆ ಬೇಕೋ ಬೇಡವೋ ಎಂಬ ಚರ್ಚೆ ಇಲ್ಲಿಯದಲ್ಲ. ಅದು ಬೇಕು ಎಂದೇ ಇಟ್ಟುಕೊಳ್ಳಿ. ಆದರೂ ನೆಟ್‌ವರ್ಕ್ ಸಿಗದ ಊರಿನಲ್ಲಿ ಮೊಬೈಲು ಎತ್ತಿ ಹಿಡಿದುಕೊಂಡು ದಿಬ್ಬ ಹತ್ತಿದ ಶಿಕ್ಷಕಿ ರಜೆ ಮುಗಿದ ಮೇಲೆ ತರಗತಿಗೆ ಬರುವುದು ದಣಿದೇ. ಆ ದಣಿವಿಗೆ ಯಾವ ಕಾಲಂ ಕೂಡ ಇಲ್ಲ.

ಇನ್ನೊಂದು ಅಪವಾದವನ್ನೂ ಇಲ್ಲೇ ಎತ್ತಿಕೊಳ್ಳುತ್ತೇನೆ. ಸರ್ಕಾರಿ ಶಿಕ್ಷಕರು ಶಾಲೆಗೇ ಬರುವುದಿಲ್ಲ ಎಂಬ ಮಾತು ಬಹಳ ಕಾಲದಿಂದ ಓಡಾಡುತ್ತಿದೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರು ರಾಜ್ಯಗಳ 619 ಶಾಲೆಗಳಿಗೆ ಹೋಗಿ ನೋಡಿದ್ದರು. ಕಾರಣವಿಲ್ಲದೆ ಗೈರುಹಾಜರಾದವರು ಶೇಕಡಾ 2.5 ಮಾತ್ರ. ಉಳಿದ ಖಾಲಿ ಕುರ್ಚಿಗಳಲ್ಲಿ ಕೆಲವು ರಜೆಯವು. ಇನ್ನು ಕೆಲವು ತರಬೇತಿಗೋ ಸಭೆಗೋ ಬೇರೆ ಸರ್ಕಾರಿ ಕೆಲಸಕ್ಕೋ ಇಲಾಖೆಯೇ ಕಳಿಸಿದವರದು. ಕಳಿಸಿದವರೇ ಆಮೇಲೆ ಬಂದು "ಮೇಷ್ಟ್ರು ಎಲ್ಲಿ?" ಎಂದು ಕೇಳುತ್ತಾರೆ.

ಬಿಸಿಯೂಟವನ್ನು ಮಾತ್ರ ನಾನು ಹೊರೆಯ ಪಟ್ಟಿಗೆ ಸೇರಿಸಲಾರೆ. ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಶುರುವಾದಾಗ, ಅದು ರಾಜ್ಯಕ್ಕೆಲ್ಲ ಹಬ್ಬಿದಾಗ, ಮಧ್ಯಾಹ್ನದ ಮೇಲೆ ಮಾಯವಾಗುತ್ತಿದ್ದ ಮಕ್ಕಳು ಮಾಯವಾಗುವುದನ್ನು ನಿಲ್ಲಿಸಿದರು. 2013ರಲ್ಲಿ ಕ್ಷೀರಭಾಗ್ಯ ಬಂತು, ಆಮೇಲೆ ಮೊಟ್ಟೆ, ಬಾಳೆಹಣ್ಣು, ಚಿಕ್ಕಿ. ಮಗು ಉಂಡರೆ ಕಲಿಯುತ್ತದೆ, ಇದಕ್ಕೆ ಎರಡು ಮಾತಿಲ್ಲ. ತಕರಾರು ಇರುವುದು ಲೆಕ್ಕದ ಬಗ್ಗೆ. ಎಷ್ಟು ಮಕ್ಕಳು ಮೊಟ್ಟೆ, ಎಷ್ಟು ಮಕ್ಕಳು ಬಾಳೆಹಣ್ಣು, ಗ್ಯಾಸು ಮುಗಿಯಿತೇ, ತೊಗರಿಬೇಳೆಯ ದಾಸ್ತಾನು ಎಷ್ಟು, ಮೊಟ್ಟೆಯ ಪೇಟೆ ದರ ಏರಿದರೆ ಹೆಚ್ಚಿನ ಹಣ ಯಾರ ಕಿಸೆಯಿಂದ. ಇಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಇದೆಲ್ಲ ಬೀಳುವುದು ಪಾಠ ಮಾಡಬೇಕಾದವರ ತಲೆಯ ಮೇಲೆಯೇ. ದೊಡ್ಡ ಹೈಸ್ಕೂಲುಗಳಿಗಾದರೂ ಒಬ್ಬ ಗುಮಾಸ್ತರು ಮಂಜೂರಾಗಿರುತ್ತಾರೆ. ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕರು ಗುಮಾಸ್ತರೂ ತಾವೇ, ಜವಾನರೂ ತಾವೇ, ಬಾಗಿಲ ಬೀಗವೂ ಅವರ ಕೈಯಲ್ಲೇ. ಕ್ಲಸ್ಟರಿಗೊಬ್ಬ ಲೆಕ್ಕದ ಸಹಾಯಕರನ್ನು ಕೊಟ್ಟು, ವಾರಕ್ಕೊಂದು ದಿನ ಒಂದೊಂದು ಶಾಲೆಗೆ ಹೋಗಿ ವಹಿಗಳನ್ನೆಲ್ಲ ಬರೆದು ಬರಲಿ ಎಂದರೆ ಶಿಕ್ಷಕರು ಕೊಡುವ ಆಶೀರ್ವಾದಕ್ಕೆ ಲೆಕ್ಕವಿರುವುದಿಲ್ಲ.

ಏಕೋಪಾಧ್ಯಾಯ ಶಾಲೆಗಳ ಪಾಡು ಇನ್ನೂ ಬೇರೆ. 2024-25ರ ಸರ್ಕಾರಿ ಅಂಕಿಅಂಶದಂತೆ ಕರ್ನಾಟಕದಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳು 7,000ಕ್ಕೂ ಹೆಚ್ಚು. ಅಲ್ಲಿಯ ಶಿಕ್ಷಕರಿಗೆ ಜ್ವರ ಬಂದರೆ ಶಾಲೆಗೇ ಜ್ವರ. ಒಂದು ಸಾಂದರ್ಭಿಕ ರಜೆ ಹಾಕಬೇಕೆಂದರೆ ಪಕ್ಕದ ಶಾಲೆಯಿಂದ ಒಬ್ಬರನ್ನು ಬೇಡಿ ತರಬೇಕು. ಮಕ್ಕಳು ಮನೆಗೆ ಹೋದ ಮೇಲೆ ಮಾತಾಡಿಸಲು ಇನ್ನೊಬ್ಬ ದೊಡ್ಡ ಮನುಷ್ಯರೂ ಇರುವುದಿಲ್ಲ. ಶಾಲೆಯ ವಾತಾವರಣ ಎಂದು ನಾನು ಇಲ್ಲಿ ಏನೇನೋ ಹೇಳುತ್ತಿದ್ದೇನಲ್ಲ, ಅವರಿಗೆ ಅದರಲ್ಲಿ ಅರ್ಧ ಅನ್ವಯಿಸುವುದೇ ಇಲ್ಲ.

ಇಬ್ಬರು, ಮೂವರು, ಹತ್ತು ಮಂದಿ ಶಿಕ್ಷಕರಿರುವ ಕಡೆಗೆ ಬರೋಣ. ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯಾಗಿ ಶಾಲೆಯಿಂದ ಶಾಲೆಗೆ ಓಡಾಡುತ್ತಿದ್ದ ಕಾಲದಲ್ಲಿ ನನ್ನನ್ನು ಬಹಳ ಕಾಡಿದ ಒಂದು ಸಂಗತಿ ಇತ್ತು. ಒಂದೇ ಕ್ಲಸ್ಟರಿನ ಎರಡು ಶಾಲೆಗಳು, ನಡುವೆ ಒಂದು ಕೆರೆ ಏರಿ ಅಷ್ಟೇ ದೂರ. ಅದೇ ಇಲಾಖೆ, ಅದೇ ಸುತ್ತೋಲೆ, ಅದೇ ಸಂಬಳ, ಅದೇ ಬಗೆಯ ಮನೆಗಳಿಂದ ಬರುವ ಮಕ್ಕಳು. ಒಂದರಲ್ಲಿ ಕಾಲಿಟ್ಟರೆ ನಾಲ್ಕು ಜನ ನಾಲ್ಕು ಮೂಲೆಯಲ್ಲಿ, ಯಾರ ಟಿಫಿನ್ ಡಬ್ಬಿಯೂ ಇನ್ನೊಬ್ಬರ ಎದುರು ತೆರೆಯುತ್ತಿರಲಿಲ್ಲ. ಇನ್ನೊಂದರಲ್ಲಿ ಊಟದ ಹೊತ್ತಿಗೆ ಒಬ್ಬರ ಉಪ್ಪಿನಕಾಯಿ ಎಲ್ಲರ ತಟ್ಟೆಗೂ ಹೋಗುತ್ತಿತ್ತು, ಜೊತೆಗೆ "ಆ ಎರಡನೇ ಕ್ಲಾಸಿನ ಹುಡುಗ ಕಳೆಯುವ ಲೆಕ್ಕ ಮಾಡ್ತಾನೇನ್ರೀ?" ಎಂಬ ಮಾತೂ ಹೋಗುತ್ತಿತ್ತು. ವ್ಯತ್ಯಾಸ ಎಲ್ಲಿ ಎಂದು ನೋಡುತ್ತಾ ಹೋದರೆ ಪ್ರತಿಸಲವೂ ನಾನು ಹೋಗಿ ನಿಲ್ಲುತ್ತಿದ್ದದ್ದು ಮುಖ್ಯ ಶಿಕ್ಷಕರ ಮೇಜಿನ ಎದುರು.

1960ರ ದಶಕದ ಆರಂಭದಲ್ಲಿ ಆಂಡ್ರ್ಯೂ ಹ್ಯಾಲ್ಪಿನ್ ಮತ್ತು ಡಾನ್ ಕ್ರಾಫ್ಟ್ ಎಂಬಿಬ್ಬರು ಅಮೆರಿಕದ 71 ಪ್ರಾಥಮಿಕ ಶಾಲೆಗಳಲ್ಲಿ ಇದನ್ನೇ ಅಳೆಯಲು ಹೊರಟರು. ತೆರೆದ ವಾತಾವರಣದ ಶಾಲೆಯಿಂದ ಮುಚ್ಚಿದ ವಾತಾವರಣದ ಶಾಲೆಯವರೆಗೆ ಆರು ಬಗೆ ಮಾಡಿದರು. ನಮ್ಮಲ್ಲಿ ಎಂ.ಎಡ್. ಮಾಡಿದವರಿಗೆಲ್ಲ ಇದು ಪರೀಕ್ಷೆಯ ಪ್ರಶ್ನೆಯಾಗಿ ಗೊತ್ತು. ಉತ್ತರ ಬರೆದು ಮರೆತಿರುತ್ತಾರೆ, ಪಾಪ. ಅವರು ಪಟ್ಟಿ ಮಾಡಿದ ಗುಣಗಳಲ್ಲಿ ಎರಡು ನನಗೆ ಬಹಳ ಮುಖ್ಯ ಅನ್ನಿಸುತ್ತವೆ. ಒಂದು ಅಡಚಣೆ: ಮುಖ್ಯಸ್ಥರು ತಮ್ಮ ಮೇಲೆ ಬೇಡದ ಕಾಗದಪತ್ರದ ಕೆಲಸ ಹೇರುತ್ತಿದ್ದಾರೆ ಎಂದು ಶಿಕ್ಷಕರಿಗೆ ಅನ್ನಿಸುವ ಪ್ರಮಾಣ. ಅರುವತ್ತು ವರ್ಷದ ಹಿಂದೆ, ವಾಟ್ಸಾಪ್ ಬರುವ ಮೊದಲೇ, ಅದು ಲೆಕ್ಕಕ್ಕೆ ಸಿಗುವಷ್ಟು ಇತ್ತು! ಇನ್ನೊಂದು, ಮುಖ್ಯಸ್ಥರು ಬೆನ್ನಿಗೆ ನಿಂತು ದೂಡದೆ, ತಾವೇ ಮುಂದೆ ನಿಂತು ದುಡಿದು ಶಾಲೆಯನ್ನು ಎಳೆದುಕೊಂಡು ಹೋಗುವ ಗುಣ. ತೆರೆದ ಶಾಲೆಗಳಲ್ಲಿ ಮೊದಲನೆಯದು ಕಡಿಮೆ, ಎರಡನೆಯದು ಹೆಚ್ಚು.

ಕೆರೆಯಾಚೆಯ ಆ ಉಪ್ಪಿನಕಾಯಿಯ ಶಾಲೆಯ ಮುಖ್ಯ ಶಿಕ್ಷಕಿಗೆ ಹ್ಯಾಲ್ಪಿನ್ ಯಾರೆಂದು ಗೊತ್ತಿರಲಿಲ್ಲ. ಅವರು ಮಾಡುತ್ತಿದ್ದದ್ದು ಕೆಲವು ಚಿಕ್ಕ ಕೆಲಸಗಳನ್ನು. ಬೆಳಗಿನ ಮೊದಲ ಮೂರು ಪೀರಿಯಡ್ಡು ಕಚೇರಿಯ ಯಾವ ಕಾಗದವನ್ನೂ ತರಗತಿಗೆ ಒಯ್ಯುತ್ತಿರಲಿಲ್ಲ, ಒಯ್ಯಲು ಬಿಡುತ್ತಲೂ ಇರಲಿಲ್ಲ. ತುರ್ತು ಮಾಹಿತಿ ಎಂದರೆ, "ಊಟದ ಬೆಲ್ ಹೊಡೀಲಿ ಸಾರ್, ಕಳಿಸ್ತೀನಿ" ಅನ್ನುತ್ತಿದ್ದರು. ಮೇಲಿನವರಿಂದ ಬೈಸಿಕೊಂಡದ್ದೂ ಇತ್ತು. ಆ ಬೈಗುಳ ಅವರ ಮೇಜಿನ ಹತ್ತಿರವೇ ಉಳಿಯುತ್ತಿತ್ತು, ಸಹಶಿಕ್ಷಕರವರೆಗೆ ಇಳಿಯುತ್ತಿರಲಿಲ್ಲ. ಬಿಸಿಯೂಟ, ವಿದ್ಯಾರ್ಥಿವೇತನ, ಗ್ರಂಥಾಲಯ, ಆನ್‌ಲೈನ್ ದಾಖಲಾತಿ, ಹೀಗೆ ಯಾವ ಕೆಲಸ ಯಾರದು ಎಂದು ಜೂನ್‌ನಲ್ಲೇ ಎಲ್ಲರನ್ನೂ ಕೂರಿಸಿ ಬರೆದು ಗೋಡೆಗೆ ಅಂಟಿಸುತ್ತಿದ್ದರು. ತಮ್ಮ ಹೆಸರಿನ ಮುಂದೆ ಎಲ್ಲರಿಗಿಂತ ಹೆಚ್ಚು ಬರೆದುಕೊಳ್ಳುತ್ತಿದ್ದರು. ಹೊಸದಾಗಿ ಬಂದ ಶಿಕ್ಷಕಿಗೆ ಏಳನೆಯ ತರಗತಿಯ ಗಲಾಟೆ ಹುಡುಗರನ್ನು ಕೊಟ್ಟು ಹಿರಿಯರು ಹಗುರಾಗುವುದು ಎಷ್ಟೋ ಶಾಲೆಗಳ ವಾಡಿಕೆ. ಅಲ್ಲಿ ಆ ತರಗತಿಯ ಗಣಿತ ಮುಖ್ಯ ಶಿಕ್ಷಕಿಯದೇ.

ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಅವರೆಲ್ಲ ಅರ್ಧ ಗಂಟೆ ಕೂರುತ್ತಿದ್ದರು. ಸುತ್ತೋಲೆ ಓದುತ್ತಿರಲಿಲ್ಲ. ಒಂದು ಮಗುವಿನ ನೋಟ್‌ಬುಕ್ಕು ಮೇಜಿನ ಮೇಲೆ ಇರುತ್ತಿತ್ತು. ಈ ಹುಡುಗಿ 'ಕ' ಕಾಗುಣಿತ ಬಲ್ಲಳು, ಒತ್ತಕ್ಷರ ಬಂದರೆ ನಿಂತುಬಿಡುತ್ತಾಳೆ, ಏನು ಮಾಡೋಣ? ಒಬ್ಬರು ತಾವು ಹಿಂದೆ ಮಾಡಿದ್ದನ್ನು ಹೇಳುತ್ತಿದ್ದರು, ಇನ್ನೊಬ್ಬರು ಅದು ಈ ಮಗುವಿಗೆ ನಡೆಯದು ಅನ್ನುತ್ತಿದ್ದರು. ಜಗಳವೂ ಆಗುತ್ತಿತ್ತು, ಆದರೆ ಪಾಠದ ಬಗೆಗಿನ ಜಗಳ. ನನಗೆ ಗೊತ್ತಿರುವಷ್ಟರಲ್ಲಿ ಶಿಕ್ಷಕರನ್ನು ಶಾಲೆಗೆ ಕಟ್ಟಿಹಾಕುವ ಶಕ್ತಿ ಇಂಥ ಜಗಳಕ್ಕಿರುವಷ್ಟು ಯಾವ ಪ್ರಶಸ್ತಿಗೂ ಇಲ್ಲ.

ಈ ಮಾತಿಗೆ ದೊಡ್ಡ ಪ್ರಮಾಣದ ಸಾಕ್ಷಿಯೊಂದು ನಮ್ಮ ರಾಜ್ಯದಲ್ಲೇ ಇದೆ: ನಲಿ-ಕಲಿ ಎಂಬ ಕಲಿಕೆಯ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಅದು ಶುರುವಾಯಿತು. ಕಬಿನಿಯ ಹಿನ್ನೀರು, ಕಾಡಂಚಿನ ಹಾಡಿಗಳು, ಒಬ್ಬರೋ ಇಬ್ಬರೋ ಶಿಕ್ಷಕರಿರುವ ಶಾಲೆಗಳು. ಎಚ್.ಡಿ. ಕೋಟೆಗೆ ಆದೇಶ ಬಂದರೆ ಶಿಕ್ಷೆ ಎಂದೇ ಭಾವಿಸುತ್ತಿದ್ದ ಕಾಲ. ಅಲ್ಲಿಯ ಕೆಲವು ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ಋಷಿವ್ಯಾಲಿಗೆ ಹೋದರು. ಅಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಸುತ್ತಲಿನ ಹಳ್ಳಿಯ ಮಕ್ಕಳಿಗಾಗಿ ಪಠ್ಯಪುಸ್ತಕವನ್ನು ಬಿಡಿ ಕಾರ್ಡುಗಳಾಗಿ ಒಡೆದಿದ್ದರು. ಒಂದು ಕಾರ್ಡು ಮುಗಿದರೆ ಮುಂದಿನದು. ಜಾಣ ಮಗು ಮುಂದೆ ಓಡಬಹುದು, ತಪ್ಪಿಸಿಕೊಂಡ ಮಗು ಬಿಟ್ಟಲ್ಲಿಂದಲೇ ಹಿಡಿಯಬಹುದು.

ನಮ್ಮ ಶಿಕ್ಷಕರು ಅದನ್ನು ನೋಡಿ ಬಂದು ಹಾಗೇ ನಕಲು ಮಾಡಲಿಲ್ಲ. ಕೂತು ಕನ್ನಡಕ್ಕೆ ತಮ್ಮದೇ ಕಲಿಕೆಯ ಏಣಿ ಕಟ್ಟಿದರು. ಅ, ಆ, ಇ, ಈ ಎಂದು ಶುರು ಮಾಡದೆ ಬರೆಯಲು ಹತ್ತಿರಹತ್ತಿರವಾದ, ಬೇಗ ಪದ ಕಟ್ಟಬಹುದಾದ ಅಕ್ಷರಗಳಿಂದ ಶುರು ಮಾಡಿದರು: ರ, ಗ, ಸ, ದ, ಅ. ಈ ಐದು ಬಂದರೆ 'ಅರಸ', 'ಸರ', 'ಗರಗಸ' ಎಲ್ಲ ಮಗುವಿನ ಬಾಯಿಗೆ ಬಂತು. "ಅಆಇಈ ಕಲಿಸದ ಇದೆಂಥ ಇಸ್ಕೂಲು" ಎಂದು ಅಜ್ಜಂದಿರು ಜಗಳಕ್ಕೂ ಬಂದರು. ನೆಲದ ಮೇಲೆ ಗುಂಪುಗುಂಪಾಗಿ ಮಕ್ಕಳು: ಒಂದು ಗುಂಪಿಗೆ ಶಿಕ್ಷಕರ ಸಹಾಯ ಪೂರ್ತಿ ಬೇಕು, ಒಂದಕ್ಕೆ ಗೆಳೆಯರದು ಸಾಕು, ಒಂದು ತಾನೇ ಕಲಿಯುತ್ತದೆ. ಮಕ್ಕಳು ಬರೆದದ್ದನ್ನೆಲ್ಲ ತಲೆಯ ಮೇಲಿನ ದಾರದ ಚಪ್ಪರಕ್ಕೆ ನೇತುಹಾಕುವುದು. ಗೋಡೆಯ ಕೆಳಭಾಗಕ್ಕೆ, ಮಗುವಿನ ಕೈಗೆ ಎಟುಕುವಷ್ಟು ಎತ್ತರಕ್ಕೆ, ಕಪ್ಪು ಹಲಗೆ.

ನಾನು ಇದರ ಕಲಿಕಾಶಾಸ್ತ್ರ ಹೇಳುತ್ತಿಲ್ಲ. ಆ ದಿನಗಳ ಶಿಕ್ಷಕರನ್ನು ಆಮೇಲೆ ತರಬೇತಿಗಳಲ್ಲಿ ಭೇಟಿಯಾದಾಗ ಅವರು ಮಾತಾಡುತ್ತಿದ್ದ ರೀತಿಯನ್ನು ಹೇಳಬೇಕು. "ಈ ಕಾರ್ಡು ನಮ್ದು" ಅನ್ನುತ್ತಿದ್ದರು. ರಾತ್ರಿ ಕೂತು ಹಾಡು ಕಟ್ಟಿದ್ದು, ಒಂದು ಕಾರ್ಡು ಮಕ್ಕಳ ಮುಂದೆ ಸೋತಾಗ ಅದನ್ನು ಹರಿದು ಹೊಸದು ಬರೆದದ್ದು, ಪಕ್ಕದ ಶಾಲೆಯವರು ಬಂದು ನೋಡಿ ಹೋದದ್ದು, ಇದನ್ನೆಲ್ಲ ಮದುವೆಯ ಸಂಭ್ರಮ ಹೇಳಿದ ಹಾಗೆ ಹೇಳುತ್ತಿದ್ದರು. ಸಂಬಳ ಆಗಲೂ ಕಡಿಮೆಯೇ, ಬಸ್ಸು ಆಗಲೂ ಇರಲಿಲ್ಲ.

2009-10ರಿಂದ ನಲಿ-ಕಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ಬಂತು. ಮಕ್ಕಳ ದೃಷ್ಟಿಯಿಂದ ಅದು ಒಳ್ಳೆಯದೇ. ಆದರೆ ಈಗ ಕಾರ್ಡುಗಳು ಅಚ್ಚಾಗಿ, ಪೆಟ್ಟಿಗೆಯಲ್ಲಿ ಕೂತು, ಆದೇಶದ ಜೊತೆಗೆ ಬಂದವು. ಒಂದು ಕಾರ್ಡು ತನ್ನ ಊರಿನ ಮಕ್ಕಳಿಗೆ ಹೊಂದುವುದಿಲ್ಲ ಎಂದು ಶಿಕ್ಷಕಿಗೆ ಅನ್ನಿಸಿದರೆ ಬದಲಿಸಲು ಕೈ ನಡುಗುತ್ತಿತ್ತು. ಪರಿಶೀಲನೆಗೆ ಬಂದವರು ಪ್ರಗತಿನೋಟದ ಪಟ್ಟಿ ತುಂಬಿದೆಯೇ, ಚಪ್ಪರ ಕಟ್ಟಿದೆಯೇ ಎಂದು ನೋಡುತ್ತಿದ್ದರು. ಕೋಟೆಯಲ್ಲಿ ಹಬ್ಬವಾಗಿದ್ದದ್ದು ಎಷ್ಟೋ ಊರುಗಳಲ್ಲಿ ಇನ್ನೊಂದು ಡ್ಯೂಟಿಯಾಯಿತು. ಅದೇ ಕಾರ್ಡು, ಅದೇ ಏಣಿ. ಕಳೆದುಹೋದದ್ದು ಶಿಕ್ಷಕಿಯ ಕೈ. ಇಲಾಖೆಯ ದೊಡ್ಡವರು ಯಾವುದೇ ಹೊಸ ಕಾರ್ಯಕ್ರಮ ತರುವಾಗ, ಅದರಲ್ಲಿ ಶಿಕ್ಷಕರು ತಿದ್ದಿ ತಮ್ಮದಾಗಿಸಿಕೊಳ್ಳಬಹುದಾದ ಜಾಗ ಎಷ್ಟು ಬಿಟ್ಟಿದ್ದೇವೆ ಎಂದು ಒಮ್ಮೆ ನೋಡಿಕೊಂಡರೆ, ಅರ್ಧ ಅತೃಪ್ತಿ ಹುಟ್ಟುವುದೇ ಇಲ್ಲ.

ವರ್ಗಾವಣೆಯ ವಿಷಯದಲ್ಲಿ ಮಾತ್ರ ಇಲಾಖೆಗೆ ಒಂದು ಶಹಬಾಸ್ ಹೇಳಲೇಬೇಕು. ಹಿಂದೆ ವರ್ಗಾವಣೆ ಎಂದರೆ ಯಾರ ಮನೆಯ ಮುಂದೆ ಎಷ್ಟು ಹೊತ್ತು ನಿಂತಿರಿ, ಯಾರ ಪತ್ರ ತಂದಿರಿ ಎಂಬುದರ ಮೇಲೆ. 2007ರಲ್ಲಿ ಶಿಕ್ಷಕರ ವರ್ಗಾವಣೆಗೆಂದೇ ಕಾಯ್ದೆ ಬಂದು, ಆಮೇಲೆ ಗಣಕೀಕೃತ ಕೌನ್ಸೆಲಿಂಗ್ ಬಂದ ಮೇಲೆ, ಖಾಲಿ ಜಾಗ ಪರದೆಯ ಮೇಲೆ ಕಾಣುತ್ತದೆ, ಸರದಿ ಬಂದವರು ಆರಿಸಿಕೊಳ್ಳುತ್ತಾರೆ. ತಕರಾರುಗಳು ಈಗಲೂ ಉಂಟು. 2019ರ ಕಡ್ಡಾಯ ವರ್ಗಾವಣೆ ಎಷ್ಟೋ ಶಿಕ್ಷಕರ ಕಣ್ಣೀರಿಗೆ ಕಾರಣವಾಯಿತು. 2020ರಲ್ಲಿ ಕಾಯ್ದೆಯನ್ನೇ ಹೊಸದಾಗಿ ಬರೆಯಬೇಕಾಯಿತು. ಆದರೂ ಕೈ ಮುಗಿದು ನಿಲ್ಲುವ ಅವಮಾನ ತಪ್ಪಿದ್ದು ಸಣ್ಣ ಮಾತಲ್ಲ.

ಹುದ್ದೆಯ ಹೆಸರಿನ ನೋವೂ ಒಂದಿದೆ. ಒಂದರಿಂದ ಏಳರವರೆಗೆ ಪಾಠ ಮಾಡಲೆಂದು ನೇಮಕವಾದವರು, ಪದವಿ ಪಡೆದು ವರ್ಷಗಟ್ಟಲೆ ಏಳನೆಯ ತರಗತಿಗೆ ವಿಜ್ಞಾನ ಹೇಳಿದವರು, 2017ರಲ್ಲಿ ಬಂದ ವೃಂದ ಮತ್ತು ನೇಮಕಾತಿ ನಿಯಮದ ನಂತರ ಒಂದರಿಂದ ಐದರವರೆಗಿನ ಶಿಕ್ಷಕರಾದರು. ಪದವೀಧರ ಶಿಕ್ಷಕರ ವೃಂದ ಬೇರೆಯಾಯಿತು. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಪ್ರಾಥಮಿಕ ಶಾಲಾ ಶಿಕ್ಷಕರು ಗುಂಪುಗುಂಪಾಗಿ ಬಂದಿದ್ದಕ್ಕೆ ಇದೂ ಒಂದು ಕಾರಣ. ಹೊರಗಿನವರಿಗೆ ಇದು ಹೆಸರುಗಳ ಆಟದಂತೆ ಕಾಣಬಹುದು. ಒಂದೇ ಸ್ಟಾಫ್ ರೂಮಿನಲ್ಲಿ ಹದಿನೈದು ವರ್ಷ ಸೇವೆ ಮಾಡಿದವರ ಪಕ್ಕ ನಿನ್ನೆ ಬಂದವರು ಮೇಲಿನ ದರ್ಜೆಯವರಾಗಿ ಕೂತಾಗ, ಇಬ್ಬರ ತಪ್ಪೂ ಇಲ್ಲದೆ ಇಬ್ಬರ ನಡುವೆ ಒಂದು ಗೋಡೆ ಏಳುತ್ತದೆ.

ಹೈಸ್ಕೂಲುಗಳ ಹವೆ ಕೆಡುವುದು ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ. 2023ರಲ್ಲಿ ಶೇಕಡಾ 83.89 ಇದ್ದ ಫಲಿತಾಂಶ, ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂದ 2024ರಲ್ಲಿ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಸೇರಿಸಿ. ಆ ಮೇಲೆ ಶುರುವಾಯಿತು ನೋಡಿ ಹೊಣೆ ಹೊರಿಸುವ ಮೆರವಣಿಗೆ. ಅಧಿಕಾರಿಗಳು ಮುಖ್ಯೋಪಾಧ್ಯಾಯರನ್ನು, ಅವರು ಗಣಿತದ ಮೇಷ್ಟ್ರನ್ನು, ಹೈಸ್ಕೂಲಿನವರು ಪ್ರೈಮರಿಯವರನ್ನು, ಪ್ರೈಮರಿಯವರು ತಂದೆತಾಯಿಯರನ್ನು. ಕಾರಣ ಕೇಳಿ ನೋಟಿಸ್ ಬಂದ ಶಿಕ್ಷಕರು ಮುಂದಿನ ವರ್ಷ ಚೆನ್ನಾಗಿ ಕಲಿಸುತ್ತಾರೆ ಎಂಬುದಕ್ಕೆ ಆಧಾರವಿಲ್ಲ. ಅವರು ಮುಂದಿನ ವರ್ಷ ಕಷ್ಟದ ಮಗುವನ್ನು ತಮ್ಮ ತರಗತಿಗೆ ಸೇರಿಸಿಕೊಳ್ಳಲು ಹಿಂಜರಿಯುತ್ತಾರೆ ಎಂಬುದನ್ನು ಮಾತ್ರ ನಾನು ಕಣ್ಣಾರೆ ನೋಡಿದ್ದೇನೆ.

ಖಾಸಗಿ ಶಾಲೆಗಳ ಬಗ್ಗೆ ಕೇಳುಗರು ಕೇಳಬಹುದು. ಅನುದಾನವಿಲ್ಲದ ಎಷ್ಟೋ ಸಣ್ಣ ಶಾಲೆಗಳಲ್ಲಿ ಬೇಸಿಗೆಯ ತಿಂಗಳಿಗೆ ಸಂಬಳವಿಲ್ಲ, ಹೆರಿಗೆ ರಜೆಯೆಂದರೆ ಕೆಲಸ ಬಿಟ್ಟಂತೆ. ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕರ ಪಾಡೂ ಹೆಚ್ಚು ಬೇರೆಯಲ್ಲ: ಕೆಲಸ ಪೂರ್ತಿ, ಗೌರವಧನ ತಡವಾಗಿ, ಏಪ್ರಿಲ್ ಬಂದರೆ ನಮಸ್ಕಾರ. ಅವರಿಗೆ ಹರ್ಜ್‌ಬರ್ಗ್ ಹೇಳಿದ ಮೊದಲ ಅರ್ಧವೇ ಇನ್ನೂ ದಕ್ಕಿಲ್ಲ, ಎರಡನೆಯ ಅರ್ಧದ ಮಾತೆಲ್ಲಿ?

ಶಾಲೆಗೆ ಬಂದು ಹೋಗುವ ಅಧಿಕಾರಿಗಳ ವಿಷಯಕ್ಕೆ ಬರುತ್ತೇನೆ. ಧಾರವಾಡದ ಕಡೆ ಇವತ್ತಿಗೂ ಡೆಪ್ಯುಟಿ ಚನ್ನಬಸಪ್ಪನವರ ಹೆಸರು ಹೇಳಿದರೆ ಹಿರಿಯ ಶಿಕ್ಷಕರು ಎದ್ದು ನಿಲ್ಲುವಷ್ಟು ಗೌರವ ತೋರಿಸುತ್ತಾರೆ. ಹತ್ತೊಂಬತ್ತನೆಯ ಶತಮಾನದಲ್ಲಿ, ಮುಂಬಯಿ ಪ್ರಾಂತದ ಆಡಳಿತದಲ್ಲಿ ಮರಾಠಿಯದೇ ಮೇಲುಗೈ ಇದ್ದಾಗ, ಆ ಶಿಕ್ಷಣಾಧಿಕಾರಿ ಕನ್ನಡ ಶಾಲೆಗಳನ್ನು ಬೆಳೆಸಿದರು, ಶಿಕ್ಷಕರಿಗೆ ತರಬೇತಿ ಕೊಡಿಸಿದರು, ಓದಲು ಪುಸ್ತಕ ಸಿಗುವಂತೆ ಮಾಡಿದರು. ಅಧಿಕಾರಿ ಬಂದರೆಂದರೆ ನೆರವು ಬಂತು ಎಂದು ಶಿಕ್ಷಕರಿಗೆ ಅನ್ನಿಸುವುದು ಈ ನಾಡಿನಲ್ಲಿ ಅಪರಿಚಿತವಾದ ಕಲ್ಪನೆಯೇನಲ್ಲ. ಈಗಲೂ ಅಂಥವರು ಅಲ್ಲಲ್ಲಿ ಇದ್ದಾರೆ. ಒಳಗೆ ಬಂದವರೇ ಹಾಜರಿ ಪುಸ್ತಕ ಕೇಳದೆ, ತರಗತಿಯ ಹಿಂದಿನ ಬೆಂಚಿನಲ್ಲಿ ಅರ್ಧ ಗಂಟೆ ಕೂತು, ಹೊರಡುವ ಮುಂಚೆ ಶಿಕ್ಷಕಿಯ ಜೊತೆ ಒಬ್ಬೊಬ್ಬ ಮಗುವಿನ ಬಗ್ಗೆ ಮಾತಾಡಿ ಹೋಗುವ ಕ್ಷೇತ್ರ ಶಿಕ್ಷಣಾಧಿಕಾರಿ ಒಬ್ಬರ ಕೈಕೆಳಗೆ ನಾನು ಕೆಲಸ ಮಾಡಿದ್ದೇನೆ. ಅವರ ತಾಲ್ಲೂಕಿನಿಂದ ಹೊರಗೆ ವರ್ಗಾವಣೆ ಕೇಳುವವರು ಕಡಿಮೆ ಇದ್ದರು. ಕ್ಲಸ್ಟರಿನ ತಿಂಗಳ ಸಮಾಲೋಚನಾ ಸಭೆಯೂ ಹಾಗೆಯೇ ಇರಬೇಕಿತ್ತು. ಶಿಕ್ಷಕರು ಒಬ್ಬರ ಪಾಠ ಇನ್ನೊಬ್ಬರು ನೋಡಿ ಕಲಿಯಲೆಂದೇ ಅದು ಹುಟ್ಟಿದ್ದು. ಸುತ್ತೋಲೆ ಓದಿ, ನಮೂನೆ ವಸೂಲಿ ಮಾಡಿ, ಚಹಾ ಕುಡಿದು ಏಳುವುದು ಅದರ ಈಗಿನ ರೂಪ. ಓದುವ ಸುತ್ತೋಲೆಗಳನ್ನು ಮೊಬೈಲಿಗೇ ಬಿಟ್ಟು, ಸಭೆಯ ಹೊತ್ತನ್ನು ಒಂದು ಪಾಠಕ್ಕೆ ಕೊಟ್ಟರೆ ಹೊಸ ಆದೇಶವೂ ಬೇಡ, ಹೊಸ ಹಣವೂ ಬೇಡ.

ಶಾಲೆಯ ಹೊರಗಿನವರೂ ಮಾಡಬಹುದಾದದ್ದಿದೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿ ಕೂತಿರುವ ತಂದೆತಾಯಂದಿರು ಶಿಕ್ಷಕರ ಮೇಲೆ ಕಣ್ಣಿಡುವುದು ತಮ್ಮ ಕೆಲಸ ಎಂದುಕೊಂಡಿದ್ದಾರೆ. ಅದು ನಿಜವೂ ಹೌದು. ಅದರ ಜೊತೆಗೆ ದೂರದ ಊರಿನಿಂದ ಬಸ್ಸಿನಲ್ಲಿ ಬರುವ ಶಿಕ್ಷಕಿಯರಿಗೆ ಬಾಗಿಲು ಹಾಕಿಕೊಳ್ಳಬಹುದಾದ, ನೀರಿರುವ ಒಂದು ಶೌಚಾಲಯ ಶಾಲೆಯಲ್ಲಿ ಇದೆಯೇ ಎಂದೂ ನೋಡಿ. ಇಡೀ ದಿನ ನೀರು ಕುಡಿಯದೆ ಪಾಠ ಮಾಡುವವರು ಎಷ್ಟು ಜನ ಎಂದು ತಿಳಿದರೆ ನಿಮಗೇ ಬೇಸರವಾಗುತ್ತದೆ. ಅವರು ಅದನ್ನು ಸಭೆಯಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ.

ಕೊನೆಯದಾಗಿ ಒಂದು ಬೇಡಿಕೆ, ಅಧಿಕಾರದಲ್ಲಿರುವವರಲ್ಲಿ. 2027ರ ಜನಗಣತಿಯಲ್ಲಿ ತಲೆ ಎಣಿಕೆ ಫೆಬ್ರವರಿಯಲ್ಲಿ ಎಂದು ನಿಗದಿಯಾಗಿದೆ. ಕಾಯ್ದೆ ಒಪ್ಪಿರುವ ಕೆಲಸವದು, ಶಿಕ್ಷಕರು ಮಾಡಿಕೊಡುತ್ತಾರೆ, ಹಿಂದೆಯೂ ಮಾಡಿದ್ದಾರೆ. ಆದರೆ ಫೆಬ್ರವರಿ ಎಂದರೆ ಹತ್ತನೆಯ ತರಗತಿಯ ಕೊನೆಯ ತಯಾರಿ, ಕೆಳಗಿನ ತರಗತಿಗಳಲ್ಲಿ ವರ್ಷದ ಪಾಠ ಮುಗಿಸುವ ಹೊತ್ತು. ಗಣತಿದಾರರ ಪಟ್ಟಿ ಮಾಡುವಾಗ ಏಕೋಪಾಧ್ಯಾಯ ಶಾಲೆಯವರ ಹೆಸರು ಬಿಟ್ಟುಬಿಡಿ. ಇಬ್ಬರಿರುವ ಶಾಲೆಯಿಂದ ಒಬ್ಬರನ್ನೇ ತೆಗೆದುಕೊಳ್ಳಿ. ತರಬೇತಿಯ ದಿನಗಳನ್ನು ಶನಿವಾರ ಮಧ್ಯಾಹ್ನಕ್ಕೋ ಭಾನುವಾರಕ್ಕೋ ಹಾಕಿ, ಭಾನುವಾರ ದುಡಿದವರಿಗೆ ಗಳಿಕೆ ರಜೆಯನ್ನು ಅವರು ಕಚೇರಿಗೆ ಅಲೆಯದ ಹಾಗೆ ತಾನಾಗಿಯೇ ಸೇವಾ ಪುಸ್ತಕದಲ್ಲಿ ನಮೂದಿಸಿ. ಮತ್ತು ಆ ಪಟ್ಟಿಯನ್ನು ಹಿಂದಿನ ದಿನ ರಾತ್ರಿ ವಾಟ್ಸಾಪಿನಲ್ಲಿ ಕಳಿಸಬೇಡಿ, ತಿಂಗಳ ಮೊದಲೇ ಕಳಿಸಿ; ಮುಖ್ಯ ಶಿಕ್ಷಕರು ವೇಳಾಪಟ್ಟಿ ಬದಲಿಸಿಕೊಳ್ಳುತ್ತಾರೆ.